ಲೈಟ್‌ಹೌಸ್ ನೌಕರಿಗೆ ಮಗನನ್ನು ಕಳಿಸೋದಾ, ಬೇಡವಾ?

ಪ್ರಶ್ನೆ: ಸರ್, ನಾನು ಆಳಂದ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಶಾಲೆ ಮಾಸ್ತರ. ಮಗನಿಗೆ 23 ವರ್ಷ. ಕಲಬುರಗಿಯಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ, ಸಿಕ್ಕ ಸಿಕ್ಕ ಪರೀಕ್ಷೆ ಬರೆದ. ಈಗ ಕೇಂದ್ರ ಸರ್ಕಾರದ ದೀಪಸ್ತಂಭ ಇಲಾಖೆಯಿಂದ ನ್ಯಾವಿಗೇಷನಲ್ ಅಸಿಸ್ಟೆಂಟ್ ಕೆಲಸದ ಆರ್ಡರ್ ಬಂದಿದೆ. ಮನೆಯಲ್ಲಿ ಖುಷಿಗಿಂತ ಗಲಿಬಿಲಿಯೇ ಜಾಸ್ತಿ. ನಮ್ಮ ಮನೆತನದಲ್ಲಿ ಸಮುದ್ರ ಸರಿಯಾಗಿ ನೋಡಿದವರೇ ಇಲ್ಲ. ನಮ್ಮವ್ವ "ದೀಪ ಹಚ್ಚಾಕ ಇಷ್ಟ್ಯಾಕ ಓದಿಸಿದಿ?" ಅಂತಾಳೆ. ನಡುಗಡ್ಡೆಯಲ್ಲಿ ಒಬ್ಬನೇ ಇರಬೇಕು, ಅಲ್ಲಿದ್ದವರಿಗೆ ತಲೆ ಕೆಡುತ್ತದೆ ಅಂತ ಯಾರೋ ನನ್ನ ಹೆಂಡತಿಯ ಕಿವಿಗೆ ಹಾಕಿದ್ದಾರೆ. ಜಿಪಿಎಸ್ ಬಂದ ಮೇಲೆ ಲೈಟ್‌ಹೌಸ್ ಯಾರಿಗೆ ಬೇಕು, ನಾಲ್ಕು ವರ್ಷದಲ್ಲಿ ಬೀಗ ಹಾಕ್ತಾರೆ ಅಂತಾರೆ ಮಗನ ಗೆಳೆಯರು. ಅವನಿಗೆ ಈಜು ಬರುವುದಿಲ್ಲ. ಇತ್ತ ನಮ್ಮ ಭಾಗದ ವಿದ್ಯುತ್ ಕಂಪನಿ ಜೆಸ್ಕಾಂನಲ್ಲಿ ಅರ್ಜಿ ಕರೆದರೆ, ಕಲ್ಯಾಣ ಕರ್ನಾಟಕದವರಿಗಿರುವ 371(ಜೆ) ಮೀಸಲಾತಿಯಲ್ಲಿ ಊರ ಹತ್ತಿರವೇ ಸಿಗಬಹುದು ಎಂಬ ಆಸೆ. ಸೇರಲು ಒಂದು ತಿಂಗಳೂ ಉಳಿದಿಲ್ಲ. ನೀವು ಅದೇ ಕೆಲಸದಲ್ಲಿ ದುಡಿದವರು, ನಮ್ಮ ಭಾಗದವರು. ಮುಚ್ಚುಮರೆ ಇಲ್ಲದೆ ಹೇಳಿ. ಇಂಥ ನೌಕರಿಯವನಿಗೆ ಹೆಣ್ಣು ಕೊಡ್ತಾರಾ ಅನ್ನೋದನ್ನೂ ಹೇಳಿಬಿಡಿ.

ಉತ್ತರ: ಮಾಸ್ತರೇ, ನಿಮ್ಮ ಪತ್ರದಲ್ಲಿ ನಾಲ್ಕೈದು ಹೆದರಿಕೆಗಳು ಒಂದೇ ಗಂಟಿನಲ್ಲಿ ಬಂದಿವೆ. ಮೊದಲು ಬಿಚ್ಚಿ ಬೇರೆ ಬೇರೆ ಇಡೋಣ. ಲೈಟ್‌ಹೌಸ್‌ಗಳಿಗೆ ಬೀಗ ಬೀಳುತ್ತದೆ ಅನ್ನುವುದು ತಪ್ಪು. ಅಲ್ಲಿನ ಕೆಲಸ ಈಗಿರುವಂತೆಯೇ ಮೂವತ್ತು ವರ್ಷ ಇರುತ್ತದೆ ಅಂದುಕೊಂಡರೆ ಅದೂ ತಪ್ಪು. ತಲೆ ಕೆಡುವ ಮಾತು ಬಹಳ ಹಳೆಯದು, ಬೇರೆ ದೇಶದ್ದು. ಆದರೆ ಪೂರ್ತಿ ಬುಡವಿಲ್ಲದ್ದಲ್ಲ. ಈಜಿನದು ಸಣ್ಣ ವಿಷಯ. ನಿಜವಾಗಿ ಯೋಚಿಸಬೇಕಾದದ್ದು ಊರಿನಿಂದ ದೂರ ಮತ್ತು ವರ್ಗಾವಣೆ. ಅದರ ಬಗ್ಗೆ ನೀವು ಬರೆದದ್ದೇ ಕಮ್ಮಿ.

ನಿಮ್ಮ ಅವ್ವನ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಪತ್ರದಲ್ಲಿ ಎಲ್ಲಕ್ಕಿಂತ ಒಳ್ಳೆಯ ಪ್ರಶ್ನೆ ಅದು.

ದೀಪ ಹಚ್ಚುವ ಕೆಲಸ ಒಂದು ಕಾಲಕ್ಕೆ ನಿಜವಾಗಿಯೂ ಹಚ್ಚುವ ಕೆಲಸವೇ ಆಗಿತ್ತು. ಮೊದಮೊದಲು ಕಟ್ಟಿಗೆ, ಆಮೇಲೆ ಕಲ್ಲಿದ್ದಲು, ಆಮೇಲೆ ಎಣ್ಣೆ. ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿ ಕ್ರಿಸ್ತಪೂರ್ವ 280ರ ಸುಮಾರಿಗೆ ಕಟ್ಟಿದ ಫಾರೋಸ್ ಗೋಪುರ ನೂರು ಮೀಟರಿಗೂ ಎತ್ತರವಿತ್ತು. ತುದಿಯಲ್ಲಿ ಬೆಂಕಿ ಉರಿಸುತ್ತಿದ್ದರು. ಭೂಕಂಪಗಳಿಗೆ ಬಿರುಕು ಬಿಟ್ಟು 14ನೇ ಶತಮಾನದ ಹೊತ್ತಿಗೆ ಅದು ಬಿದ್ದುಹೋಯಿತು. ಸೀಮೆಎಣ್ಣೆಯನ್ನು ಆವಿ ಮಾಡಿ ಮ್ಯಾಂಟಲ್ ಉರಿಸುವ ದೀಪ ಬಂದದ್ದು ತೀರಾ ಈಚೆಗೆ. ನಮ್ಮ ಜಾತ್ರೆಗಳಲ್ಲಿ ಉರಿಯುತ್ತಿದ್ದ ಪೆಟ್ರೋಮ್ಯಾಕ್ಸ್ ಅದೇ ತತ್ವದ್ದು. ಪಂಪ್ ಹೊಡೆಯಬೇಕು, ಮಸಿ ಒರೆಸಬೇಕು, ಲೆನ್ಸ್ ತಿರುಗಿಸುವ ಗಡಿಯಾರದಂಥ ಯಂತ್ರಕ್ಕೆ ತಾಸಿಗೊಮ್ಮೆಯೋ ಎರಡು ತಾಸಿಗೊಮ್ಮೆಯೋ ಕೀಲಿ ಕೊಡಬೇಕು. ರಾತ್ರಿಯಿಡೀ ಒಬ್ಬ ಎಚ್ಚರ ಇರಲೇಬೇಕಿತ್ತು.

ಈಗ ದೀಪ ತಾನೇ ಹೊತ್ತಿಕೊಳ್ಳುತ್ತದೆ. ಕತ್ತಲಾದರೆ ಸೆನ್ಸರ್ ಕೆಲಸ ಮಾಡುತ್ತದೆ. ಬಲ್ಬ್ ಸುಟ್ಟರೆ ಪಕ್ಕದ ಬಲ್ಬ್ ತಾನಾಗಿ ಸರಿದು ಆ ಜಾಗಕ್ಕೆ ಬರುತ್ತದೆ. ಬಹಳ ಕಡೆ ಎಲ್‌ಇಡಿ ಬಂದಿದೆ. ಕರೆಂಟ್ ಹೋದರೆ ಬ್ಯಾಟರಿ, ಜನರೇಟರ್, ಸೋಲಾರ್. ಇವನ್ನೆಲ್ಲ ಸುಸ್ಥಿತಿಯಲ್ಲಿ ಇಡುವವನು ನಿಮ್ಮ ಮಗ. ಡಿಪ್ಲೊಮಾ ಕೇಳುವುದು ಅದಕ್ಕೇ. ಸುಮ್ನೆ ಅಲ್ಲ.

ಆ ಕೆಲಸ ಹೇಗಿರುತ್ತದೆ ಅಂತ ಸ್ವಲ್ಪ ಹತ್ತಿರದಿಂದ ಹೇಳುತ್ತೇನೆ. ಹಳೆಯ ದೊಡ್ಡ ಲೆನ್ಸ್ ಇರುವ ಗೋಪುರದಲ್ಲಿ ಬೆಳಗಿನ ಮೊದಲ ಕೆಲಸ ಪರದೆ ಎಳೆಯುವುದು. ಯಾಕೆ ಗೊತ್ತಾ? ಒಳಗಿನ ದೀಪವನ್ನು ಹೊರಗೆ ಕಳಿಸುವ ಲೆನ್ಸ್, ಹೊರಗಿನ ಬಿಸಿಲನ್ನೂ ಒಳಗೆ ಒಂದೇ ಬಿಂದುವಿಗೆ ತರುತ್ತದೆ. ಪರದೆ ಮರೆತರೆ ಬಲ್ಬಿನ ಹೋಲ್ಡರ್, ವೈರು ಸುಡಬಹುದು, ಬೆಂಕಿಯೂ ಹತ್ತಬಹುದು. ಆಮೇಲೆ ಗಾಜು ಒರೆಸುವುದು. ರಾತ್ರಿಯೆಲ್ಲ ಬೀಸಿದ ಗಾಳಿ ಹೊರಗಿನ ಗಾಜಿನ ಮೇಲೆ ಉಪ್ಪಿನ ತೆಳು ಪೊರೆ ಬಿಟ್ಟಿರುತ್ತದೆ. ಬೆರಳಾಡಿಸಿದರೆ ಅಂಟಂಟು. ಒಣಬಟ್ಟೆಯಿಂದ ತಿಕ್ಕಿದರೆ ಗೀರು ಬೀಳುತ್ತದೆ. ಮೊದಲು ಸಿಹಿನೀರು, ಆಮೇಲೆ ಮೆತ್ತನೆ ಬಟ್ಟೆ. ಮಳೆಗಾಲಕ್ಕೆ ಮೊದಲು ಸಿಡಿಲು ನಿರೋಧಕದ ಅರ್ಥಿಂಗ್ ಪರೀಕ್ಷಿಸಬೇಕು, ಯಾಕೆಂದರೆ ಆ ಸುತ್ತಿನಲ್ಲಿ ಅತಿ ಎತ್ತರದ ವಸ್ತು ಅದೇ.

ಇನ್ನೊಂದು ಕೆಲಸ ನೋಡಿದವರಿಗೆ ತಮಾಷೆ ಅನ್ನಿಸುತ್ತದೆ. ರಾತ್ರಿ ಕೆಳಗೆ ನಿಂತು ಸ್ಟಾಪ್‌ವಾಚ್ ಹಿಡಿದು ಮಿಂಚು ಎಣಿಸುವುದು. ಪ್ರತಿ ಲೈಟ್‌ಹೌಸ್‌ಗೂ ತನ್ನದೇ ಲಯ ಇದೆ. ಒಂದು ಹತ್ತು ಸೆಕೆಂಡಿಗೊಮ್ಮೆ ಮಿಂಚಿದರೆ, ಮುಂದಿನದು ಎರಡು ಸಲ ಬೇಗ ಬೇಗ ಮಿಂಚಿ ಹದಿನೈದು ಸೆಕೆಂಡು ಸುಮ್ಮನಾಗುತ್ತದೆ. ಇದಕ್ಕೆ ಕ್ಯಾರೆಕ್ಟರ್ ಅನ್ನುತ್ತಾರೆ. ತಿರುಗುವ ಲೆನ್ಸ್ ಇರುವ ಕಡೆ ಒಳಗಿನ ದೀಪ ಆರುವುದೇ ಇಲ್ಲ. ಸುತ್ತುತ್ತಿರುವ ಕಿರಣ ನಮ್ಮ ಕಣ್ಣಿನ ಮೇಲೆ ಹಾದುಹೋದಾಗ ಮಿಂಚಿದಂತೆ ಕಾಣುತ್ತದೆ, ಅಷ್ಟೆ. ಈ ಲಯ ಪಟ್ಟಿಯಲ್ಲಿ ಅಚ್ಚಾಗಿರುತ್ತದೆ. ಆ ಕಡಲಲ್ಲಿ ಓಡಾಡುವ ದೊಡ್ಡ ಹಡಗುಗಳಲ್ಲಿ ಆ ಪಟ್ಟಿ ಇರುತ್ತದೆ. ಮೋಟಾರ್ ನಿಧಾನವಾಗಿ ಹತ್ತು ಸೆಕೆಂಡು ಹದಿಮೂರಾದರೆ, ಕಡಲಲ್ಲಿರುವವನು ಇದು ಬೇರೆ ಊರಿನ ದೀಪ ಅಂದುಕೊಳ್ಳಬಹುದು. ಆರಿದ ದೀಪಕ್ಕಿಂತ ತಪ್ಪು ಲಯದ ದೀಪ ಕೆಟ್ಟದ್ದು. ಆರಿದರೆ ಕ್ಯಾಪ್ಟನ್‌ಗೆ ಏನೋ ಸರಿ ಇಲ್ಲ ಅಂತಾದರೂ ಗೊತ್ತಾಗುತ್ತದೆ. ಯಾವುದೇ ವ್ಯತ್ಯಾಸ ಕಂಡರೂ ತಕ್ಷಣ ಮೇಲಕ್ಕೆ ತಿಳಿಸಬೇಕು. ಅಲ್ಲಿಂದ ಹಡಗುಗಳಿಗೆ ಎಚ್ಚರಿಕೆ ಹೋಗುತ್ತದೆ. ಅವ್ವನಿಗೆ ಹೇಳಿ, ಹಚ್ಚುವುದು ಕಷ್ಟವಲ್ಲ, ಅದೇ ಲಯದಲ್ಲಿ ವರ್ಷಗಟ್ಟಲೆ ಉರಿಸುವುದು ಕಷ್ಟ.

ಈಗ ಜಿಪಿಎಸ್ ವಿಷಯ. ನಿಮ್ಮ ಮಗನ ಗೆಳೆಯರ ಮಾತು ಮೇಲ್ನೋಟಕ್ಕೆ ಸರಿಯಾಗಿಯೇ ಇದೆ, ಯಾಕೆಂದರೆ ಲೈಟ್‌ಹೌಸ್ ಹಡಗಿಗೆ ದಾರಿ ತೋರಿಸುತ್ತದೆ ಅಂತ ನಾವೆಲ್ಲ ಚಿಕ್ಕಂದಿನಿಂದ ಓದಿದ್ದೇವೆ. ಅದು ದಾರಿ ತೋರಿಸುವುದಿಲ್ಲ. ಸಮುದ್ರದ ಮೇಲೆ ಬೆಳಕು ಚೆಲ್ಲುವುದೂ ಇಲ್ಲ. ಅದರ ಕಡೆಗೆ ಹೋಗುವ ಹಡಗು ಬಂಡೆಗೆ ಬಡಿಯುತ್ತದೆ. ಅದು ಹೇಳುವುದು ಒಂದೇ ಮಾತು: ನಾನು ಇಲ್ಲಿದ್ದೇನೆ, ನೀನೆಲ್ಲಿದ್ದೀಯ ಅಂತ ಲೆಕ್ಕ ಹಾಕಿಕೋ. ಕ್ಯಾಪ್ಟನ್ ಮಿಂಚು ಎಣಿಸಿ ಯಾವ ದೀಪ ಅಂತ ಗುರುತಿಸುತ್ತಾನೆ. ದಿಕ್ಸೂಚಿಯಿಂದ ಅದು ಯಾವ ದಿಕ್ಕಿಗಿದೆ ನೋಡಿ ನಕ್ಷೆಯ ಮೇಲೆ ಗೆರೆ ಎಳೆಯುತ್ತಾನೆ. ಇನ್ನೊಂದು ದೀಪ ಸಿಕ್ಕರೆ ಇನ್ನೊಂದು ಗೆರೆ. ಎರಡೂ ಕೂಡುವಲ್ಲಿ ಅವನ ಹಡಗು.

ಬೆಂಗಳೂರಿನಿಂದ ರಾತ್ರಿ ರೈಲಿನಲ್ಲಿ ಕಲಬುರಗಿಗೆ ಬರುತ್ತೀರಿ ಅಂದುಕೊಳ್ಳಿ. ಕಿಟಕಿಯಾಚೆ ವಾಡಿಯ ಸಿಮೆಂಟ್ ಕಾರ್ಖಾನೆಯ ದೀಪ ಕಂಡಕೂಡಲೇ ಎದ್ದು ಬ್ಯಾಗ್ ಇಳಿಸುತ್ತೀರಿ. ಕೈಯಲ್ಲಿರುವ ಫೋನು ರೈಲು ಇನ್ನೂ ಯಾದಗಿರಿಯಲ್ಲೇ ಇದೆ ಅಂತ ತೋರಿಸುತ್ತಿದ್ದರೂ ನೀವು ನಂಬುವುದು ಕಿಟಕಿಯನ್ನು, ಅಲ್ವಾ? ಹಡಗಿನವನಿಗೂ ಆ ಕಿಟಕಿ ಬೇಕು.

ಜಿಪಿಎಸ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ದಿನನಿತ್ಯ ಹಡಗು ನಡೆಯುವುದೇ ಅದರಿಂದ. ತೊಂದರೆ ಬೇರೆ ಇದೆ. ಆ ಉಪಗ್ರಹಗಳು ಸುಮಾರು 20,000 ಕಿಲೋಮೀಟರ್ ಮೇಲಿವೆ. ಅಲ್ಲಿಂದ ಬರುವ ಸಿಗ್ನಲ್ ತೀರಾ ದುರ್ಬಲ. ಸಣ್ಣ ಯಂತ್ರದಿಂದ ಅದನ್ನು ಅಡಗಿಸಬಹುದು. ಸ್ವಲ್ಪ ದೊಡ್ಡ ಯಂತ್ರ ಇದ್ದರೆ ಸುಳ್ಳು ಸಿಗ್ನಲ್ ಕಳಿಸಿ ಮೋಸವನ್ನೂ ಮಾಡಬಹುದು. 2017ರ ಜೂನ್‌ನಲ್ಲಿ ಕಪ್ಪು ಸಮುದ್ರದಲ್ಲಿ, ರಷ್ಯಾದ ನೊವೊರೊಸಿಸ್ಕ್ ಬಂದರಿನ ಹತ್ತಿರ, ಇಪ್ಪತ್ತರಷ್ಟು ಹಡಗುಗಳ ಜಿಪಿಎಸ್ ಒಟ್ಟಿಗೆ ಕೈಕೊಟ್ಟಿತು. ನೀರಿನ ಮೇಲಿದ್ದ ಹಡಗುಗಳೆಲ್ಲ ದೂರದ ಒಂದು ವಿಮಾನ ನಿಲ್ದಾಣದಲ್ಲಿ ನಿಂತಿವೆ ಅಂತ ತೋರಿಸಿತು. ಅಷ್ಟು ದೊಡ್ಡ ತಪ್ಪು ಯಾರ ಕಣ್ಣಿಗಾದರೂ ಬೀಳುತ್ತದೆ. ಅರ್ಧ ಕಿಲೋಮೀಟರಿನ ತಪ್ಪಾಗಿದ್ದರೆ? ಇಂದಿನ ಹಡಗಿನಲ್ಲಿ ಎಲೆಕ್ಟ್ರಾನಿಕ್ ನಕ್ಷೆಯೂ, ಹಡಗಿನ ಗುರುತು ಸಾರುವ ಎಐಎಸ್ ಯಂತ್ರವೂ ತಾನೆಲ್ಲಿದ್ದೇನೆ ಅನ್ನುವ ಮಾಹಿತಿ ತೆಗೆದುಕೊಳ್ಳುವುದು ಅದೇ ಜಿಪಿಎಸ್‌ನಿಂದ. ಹಾಗಾಗಿ ಒಂದು ಸುಳ್ಳು ಹೇಳಿದರೆ ಎಲ್ಲವೂ ಅದೇ ಸುಳ್ಳನ್ನು ಒಪ್ಪಿಕೊಳ್ಳುತ್ತವೆ. ಕೆಂಪು ಸಮುದ್ರ, ಪರ್ಷಿಯನ್ ಕೊಲ್ಲಿಯ ಕಡೆ ಯುದ್ಧದ ಬಿಸಿ ಏರಿದಾಗಲೆಲ್ಲ ಈ ಕಾಟ ಈಗ ಸಾಮಾನ್ಯ ಆಗಿದೆ. ಕಲ್ಲುಗೋಪುರದ ಮೇಲಿನ ದೀಪಕ್ಕೆ ಉಪಗ್ರಹದ ಹಂಗಿಲ್ಲ.

ದೊಡ್ಡ ಹಡಗು ಬಿಡಿ. ಸಣ್ಣ ದೋಣಿಯಲ್ಲಿ ಮೀನು ಹಿಡಿದು ನಸುಕಿನಲ್ಲಿ ವಾಪಸ್ ಬರುವವನ ಫೋನು ಒದ್ದೆಯಾಗಿರುತ್ತದೆ, ಇಲ್ಲ ಚಾರ್ಜ್ ಮುಗಿದಿರುತ್ತದೆ. ಅವನು ತಲೆ ಎತ್ತಿ ನೋಡುವುದು ದೀಪವನ್ನೇ.

ಎಷ್ಟು ದೂರ ಕಾಣುತ್ತದೆ ಅಂತ ನಮ್ಮ ಕಡೆಯವರು ನನ್ನನ್ನು ಸದಾ ಕೇಳುತ್ತಾರೆ. ಮಗನಿಗೂ ಉಪಯೋಗಕ್ಕೆ ಬರುತ್ತದೆ, ಬರೆದಿಡಲಿ. ಭೂಮಿ ಗುಂಡಗಿರುವುದರಿಂದ ದೀಪ ಎಷ್ಟೇ ಪ್ರಖರವಾಗಿದ್ದರೂ ದಿಗಂತದ ಕೆಳಗೆ ಹೋದರೆ ಕಾಣುವುದಿಲ್ಲ. ಎತ್ತರವನ್ನು ಮೀಟರ್‌ನಲ್ಲಿ ತೆಗೆದುಕೊಂಡು ವರ್ಗಮೂಲ ಹಾಕಿ, ಸುಮಾರು 3.86ರಿಂದ ಗುಣಿಸಿದರೆ ದೂರ ಕಿಲೋಮೀಟರ್‌ನಲ್ಲಿ ಬರುತ್ತದೆ. ದೀಪ ಸಮುದ್ರಮಟ್ಟದಿಂದ 36 ಮೀಟರ್ ಎತ್ತರದಲ್ಲಿದ್ದರೆ 23 ಕಿಲೋಮೀಟರ್. ನೋಡುವವನು ಹಡಗಿನಲ್ಲಿ 16 ಮೀಟರ್ ಎತ್ತರದಲ್ಲಿ ನಿಂತಿದ್ದರೆ ಅವನ ಪಾಲಿನ 15 ಕಿಲೋಮೀಟರ್ ಕೂಡಿಸಿ. ಒಟ್ಟು 38. ಹೆಚ್ಚೂಕಡಿಮೆ ಕಲಬುರಗಿಯಿಂದ ವಾಡಿಯಷ್ಟು. ಮಂಜು, ಮಳೆ ಇದ್ದರೆ ಈ ಲೆಕ್ಕ ನಡೆಯುವುದಿಲ್ಲ. ದೀಪದ ದೊಡ್ಡ ಮಿತಿಯೇ ಅದು.

ಅಷ್ಟು ದೂರ ಬೆಳಕು ಹೋಗಬೇಕಾದರೆ ಬಲ್ಬ್ ದೊಡ್ಡದಿರಬೇಕು ಅಂತ ಅನ್ನಿಸುತ್ತದೆ. ಇರುವುದಿಲ್ಲ. ಎಲ್ಲ ಚಮತ್ಕಾರ ಲೆನ್ಸಿನದು. ಫ್ರಾನ್ಸಿನ ಫ್ರೆನೆಲ್ ಎಂಬ ಎಂಜಿನಿಯರ್ ಗಾಜಿನ ಉಂಗುರಗಳನ್ನು ಮೆಟ್ಟಿಲುಮೆಟ್ಟಿಲಾಗಿ ಜೋಡಿಸಿ ಒಂದು ಲೆನ್ಸ್ ಮಾಡಿದ. 1823ರಲ್ಲಿ ಕೊರ್ಡುವಾನ್ ಎಂಬ ಲೈಟ್‌ಹೌಸ್‌ನಲ್ಲಿ ಅದನ್ನು ಕೂರಿಸಿದರು. ಮೇಲಕ್ಕೂ ಕೆಳಕ್ಕೂ ಚೆಲ್ಲಿಹೋಗುತ್ತಿದ್ದ ಬೆಳಕನ್ನೆಲ್ಲ ಹಿಡಿದು ಅದು ಒಂದು ಚಪ್ಪಟೆ ಕಿರಣವಾಗಿ ದಿಗಂತದ ಕಡೆ ಕಳಿಸಿತು. ಇಂದಿಗೂ ಆ ತತ್ವ ಬದಲಾಗಿಲ್ಲ. ಹಳೆಯ ಕಾಲದ ಫ್ರೆನೆಲ್ ಲೆನ್ಸ್ ಹತ್ತಿರದಿಂದ ನೋಡುವ ಅವಕಾಶ ಸಿಕ್ಕರೆ ಬಿಡಬೇಡಿ. ಗಾಜಿನ ಕೆಲಸದಲ್ಲಿ ಅಷ್ಟು ಚೆಂದದ್ದನ್ನು ನಾನು ಬೇರೆಲ್ಲೂ ನೋಡಿಲ್ಲ.

ತಲೆ ಕೆಡುವ ಮಾತಿಗೂ ಆ ಲೆನ್ಸಿಗೂ ಸಂಬಂಧ ಇದೆ. ಅದಕ್ಕೂ ಮೊದಲು ಒಂಟಿತನದ ಕಥೆ ಕೇಳಿ.

ಬ್ರಿಟನ್ನಿನ ವೇಲ್ಸ್ ಕರಾವಳಿಯಾಚೆ ಸ್ಮಾಲ್ಸ್ ಎಂಬ ಬಂಡೆಯ ಮೇಲೆ ಒಂದು ಲೈಟ್‌ಹೌಸ್ ಇತ್ತು. ಇಬ್ಬರೇ ಕಾವಲುಗಾರರು. ಇಬ್ಬರಿಗೂ ಆಗಿಬರುತ್ತಿರಲಿಲ್ಲ ಅಂತ ಊರಿಗೆಲ್ಲ ಗೊತ್ತಿತ್ತು. 1801ರ ಸುಮಾರಿಗೆ ಅವರಲ್ಲಿ ಒಬ್ಬ ಸತ್ತ. ಹೆಣ ಸಮುದ್ರಕ್ಕೆ ಹಾಕಿದರೆ ಕೊಂದವನು ನಾನೇ ಅನ್ನುತ್ತಾರೆ ಅಂತ ಇನ್ನೊಬ್ಬನಿಗೆ ಭಯ. ಪೆಟ್ಟಿಗೆ ಮಾಡಿ ಅದರಲ್ಲಿ ಹೆಣವಿಟ್ಟು ಗೋಪುರದ ಹೊರಗೆ ಕಟ್ಟಿದ. ಬಿರುಗಾಳಿಯಿಂದ ವಾರಗಟ್ಟಲೆ ದೋಣಿ ಬರಲಿಲ್ಲ. ಅಷ್ಟೂ ದಿನ ದೀಪ ಆರದಂತೆ ನೋಡಿಕೊಂಡ. ಕರೆದುಕೊಂಡು ಬಂದಾಗ ಗೆಳೆಯರಿಗೇ ಅವನ ಗುರುತು ಸಿಗಲಿಲ್ಲವಂತೆ. ಅಂದಿನಿಂದ ಅಲ್ಲಿ ಇಬ್ಬರನ್ನು ಹಾಕುವುದು ನಿಂತಿತು. ಮೂವರು ಇರಬೇಕೆಂಬ ನಿಯಮ ಬಂತು. ಆದರೆ 1900ರ ಡಿಸೆಂಬರಿನಲ್ಲಿ ಸ್ಕಾಟ್ಲೆಂಡಿನ ಫ್ಲಾನನ್ ದ್ವೀಪದಲ್ಲಿ ಮೂವರೂ ಒಟ್ಟಿಗೆ ಕಾಣೆಯಾದರು. ದೊಡ್ಡ ಅಲೆ ಹೊತ್ತೊಯ್ದಿರಬೇಕು ಅಂತಲೇ ಹೆಚ್ಚಿನವರ ತೀರ್ಮಾನ. ನಿಮ್ಮ ಮನೆಯವರ ಕಿವಿಗೆ ಬಿದ್ದದ್ದು ಇಂಥ ಕಥೆಗಳ ತುಣುಕೇ ಇರಬೇಕು.

ಇನ್ನು ಲೆನ್ಸಿನ ವಿಷಯ. ಟನ್‌ಗಟ್ಟಲೆ ಭಾರದ ಲೆನ್ಸ್ ಸಲೀಸಾಗಿ ತಿರುಗಲಿ ಅಂತ ಅದನ್ನು ಪಾದರಸದ ತೊಟ್ಟಿಯಲ್ಲಿ ತೇಲಿಸುತ್ತಿದ್ದರು. ಬೆರಳಿನಿಂದ ತಳ್ಳಿದರೂ ತಿರುಗುತ್ತಿತ್ತು. ಪಾದರಸದ ಆವಿ ಮೆದುಳಿಗೆ, ನರಗಳಿಗೆ ಒಳ್ಳೆಯದಲ್ಲ. ಮುಚ್ಚಿದ ಕೋಣೆಯಲ್ಲಿ ವರ್ಷಗಟ್ಟಲೆ ಅದನ್ನು ಸೋಸಿ, ತುಂಬಿಸಿ ಮಾಡಿದವರಿಗೆ ತೊಂದರೆ ಆಗಿರಲಿಕ್ಕೂ ಸಾಕು ಅಂತ ಬಹಳ ಜನ ಬರೆದಿದ್ದಾರೆ. ಈಗಿನ ಹಗುರ ದೀಪಗಳಿಗೆ ಪಾದರಸ ಬೇಡ. ಆದರೂ ಹಳೆಯ ಯಂತ್ರ ಉಳಿದಿರುವ ಗೋಪುರಕ್ಕೆ ಮಗನಿಗೆ ಪೋಸ್ಟಿಂಗ್ ಆದರೆ, ಪಾದರಸ ಇದೆಯಾ ಅಂತ ಮೊದಲ ದಿನವೇ ಕೇಳಲಿ. ಇದ್ದರೆ ಬರಿಗೈಯಲ್ಲಿ ಮುಟ್ಟಬಾರದು, ಕಿಟಕಿ ತೆರೆಯದೆ ಕೆಲಸ ಮಾಡಬಾರದು, ಚೆಲ್ಲಿದರೆ ಗುಡಿಸಬಾರದು. ಕೇಳಲು ನಾಚಿಕೆ ಬೇಡ.

ನಮ್ಮ ದೇಶದ ಲೈಟ್‌ಹೌಸ್‌ಗಳು ಬಹುಪಾಲು ನೆಲದ ಮೇಲೇ ಇವೆ, ಊರಿಗೆ ಅಂಟಿಕೊಂಡೇ ಇವೆ. ಉಡುಪಿ ಹತ್ತಿರದ ಕಾಪು ನೋಡಿ. 1901ರಲ್ಲಿ ಕಡಲಂಚಿನ ಬಂಡೆಯ ಮೇಲೆ ಕಟ್ಟಿದ್ದು, ಸುಮಾರು 27 ಮೀಟರ್ ಎತ್ತರ, ಕಪ್ಪು ಬಿಳಿ ಪಟ್ಟೆ. ಆ ಪಟ್ಟೆಯೂ ಅಂದಕ್ಕೆ ಬಳಿದದ್ದಲ್ಲ, ಹಗಲು ಹೊತ್ತು ದೂರದಿಂದ ಗುರುತು ಹಿಡಿಯಲಿ ಅಂತ. ರಜಾದಿನ ಸಂಜೆ ಅಲ್ಲಿ ಹೋದರೆ ಒಂಟಿತನ ಹುಡುಕಿದರೂ ಸಿಗುವುದಿಲ್ಲ, ಕಾಲಿಡಲು ಜಾಗ ಇರುವುದಿಲ್ಲ. ಆದರೆ ಎಲ್ಲವೂ ಕಾಪು ಅಲ್ಲ. ಲಕ್ಷದ್ವೀಪ, ಅಂಡಮಾನ್ ಕಡೆಯೂ ಇಲಾಖೆಯ ದೀಪಗಳಿವೆ. ಕಾರವಾರದ ಎದುರು ದೇವಗಡ ದ್ವೀಪದಲ್ಲಿ ಬ್ರಿಟಿಷರ ಕಾಲದ್ದು ಒಂದಿದೆ. ಅಂಥ ಕಡೆ ಜೂನ್‌ನಿಂದ ಸೆಪ್ಟೆಂಬರ್ ತನಕ ಹೋಗಿಬರುವುದೇ ಕಷ್ಟ. ದ್ವೀಪದ ಪೋಸ್ಟಿಂಗ್ ಬಂದೇ ಬರುತ್ತದೆ ಅಂತಲ್ಲ, ಬರುವುದೇ ಇಲ್ಲ ಅಂತ ಭರವಸೆ ಕೊಡಲೂ ಆಗುವುದಿಲ್ಲ.

ಈಜಿನ ವಿಷಯ ಎರಡೇ ಮಾತು. ಹುಡುಗ ದಿನಾ ಹತ್ತಬೇಕಾದದ್ದು ಮೆಟ್ಟಿಲು, ಸಮುದ್ರಕ್ಕೆ ಧುಮುಕಬೇಕಿಲ್ಲ. ದೋಣಿಯಲ್ಲಿ ಹೋಗುವಾಗ ಲೈಫ್ ಜಾಕೆಟ್ ಹಾಕಲೇಬೇಕು, ಎಲ್ಲರೂ ಹಾಕಿಲ್ಲ ಅಂದರೂ ಹಾಕಬೇಕು. ಕಲಬುರಗಿಯಲ್ಲಿ ಈಜುಕೊಳ ಇದೆ, ಹೋಗುವ ಮೊದಲು ಕಲಿಯಲು ಶುರು ಮಾಡಲಿ. ಭೀಮಾ ನದಿಯಲ್ಲಿ ಈಜುವ ಹುಡುಗರೂ ಸಮುದ್ರದಲ್ಲಿ ಮೋಸ ಹೋಗುತ್ತಾರೆ. ಈಜು ಬಂದಮೇಲೂ ಅಲೆ ಜೊತೆ ಸಲುಗೆ ಬೇಡ.

ನಾನಾದರೆ ಎತ್ತರದ ಭಯ ಇದೆಯಾ ಅಂತ ಮೊದಲು ನೋಡುತ್ತೇನೆ. ಅದರ ಬಗ್ಗೆ ಯಾರೂ ಕೇಳುವುದಿಲ್ಲ. ಗೋಪುರದ ಒಳಮೆಟ್ಟಿಲು ಸುಲಭ. ಕೊನೆಯ ಕಡಿದಾದ ಏಣಿ, ಆಮೇಲೆ ಹೊರಗಿನ ಕಟಾಂಜನದ ಬಳಿ ಗಾಳಿಗೆ ಮೈಯೊಡ್ಡಿ ನಿಂತು ಗಾಜು ಒರೆಸುವುದು, ಅಲ್ಲಿ ಕೆಲವರಿಗೆ ಕಾಲು ನಡುಗುತ್ತದೆ. ಉಪ್ಪುಗಾಳಿಗೆ ತುಕ್ಕು ಹಿಡಿದ ಕಂಬಿಯನ್ನು ಕಣ್ಣುಮುಚ್ಚಿ ನಂಬಿ ಒರಗಬಾರದು. ಈ ಕೆಲಸದಲ್ಲಿ ನಿಜವಾದ ಅಪಾಯ ಅಂದರೆ ಬೀಳುವುದು ಮತ್ತು ಕರೆಂಟು. ಅಲೆ, ಬಿರುಗಾಳಿ ಆಮೇಲಿನ ಮಾತು.

"ಸಮುದ್ರಕ್ಕೂ ನಮಗೂ ಏನು ಸಂಬಂಧ" ಅನ್ನುವ ಧಾಟಿ ನಿಮ್ಮ ಪತ್ರದಲ್ಲಿ ಇದೆ. ಸ್ವಲ್ಪ ಅಡ್ಡ ಮಾತಾಡಿದರೂ ಸರಿ, ಇದನ್ನು ಹೇಳದೆ ಬಿಡಲಾರೆ. ಬಹಮನಿಗಳು 1347ರಲ್ಲಿ ಕಲಬುರಗಿಯಲ್ಲಿ ಕೂತು ರಾಜ್ಯ ಕಟ್ಟಿದರು. ಆಮೇಲೆ ಬೀದರ್‌ಗೆ ಹೋದರು. ಅವರ ಸೈನ್ಯಕ್ಕೆ ಕುದುರೆ ಬರುತ್ತಿದ್ದದ್ದು ಅರಬ್ಬಿ ಸಮುದ್ರ ದಾಟಿ. ಚೌಲ್, ದಾಭೋಳ್ ಬಂದರುಗಳಲ್ಲಿ ಇಳಿದು ಘಟ್ಟ ಹತ್ತಿ ಬರುತ್ತಿದ್ದವು. ಅವರ ಮಂತ್ರಿ ಮಹಮೂದ್ ಗವಾನ್ ಪರ್ಷಿಯಾದಿಂದ ಬಂದದ್ದೇ ಹಡಗಿನಲ್ಲಿ. ಅವನೇ 1472ರಲ್ಲಿ ಗೋವಾ ಬಂದರನ್ನು ಬಹಮನಿಗಳ ಕೈಗೆ ತಂದ. ನಿಕಿತಿನ್ ಎಂಬ ರಷ್ಯದ ವ್ಯಾಪಾರಿ ಒಂದೇ ಒಂದು ಕುದುರೆ ಹಡಗಿಗೆ ಹತ್ತಿಸಿಕೊಂಡು ಚೌಲ್‌ನಲ್ಲಿ ಇಳಿದು, ಅದನ್ನು ಮಾರಲು ಬೀದರ್‌ವರೆಗೆ ನಡೆದು ಬಂದಿದ್ದ. ಬೀದರ್ ಹಳೆ ಊರಿನ ನಡುವೆ ಸುಮಾರು 71 ಅಡಿ ಎತ್ತರದ ಚೌಬಾರಾ ಇದೆಯಲ್ಲ, ಅದು ಹಳೆಯ ಲೈಟ್‌ಹೌಸಾ ಅಂತ ಶಾಲೆ ಮಕ್ಕಳು ನನ್ನನ್ನು ಕೇಳಿದ್ದುಂಟು. ಅದು ಕಾವಲು ಗೋಪುರ. ಅದರ ಮೇಲೆ ನಿಂತವನು ದೂರ ನೋಡಬೇಕಿತ್ತು. ಲೈಟ್‌ಹೌಸ್‌ನಲ್ಲಿ ಉಲ್ಟಾ, ದೂರದವನು ನಮ್ಮನ್ನು ನೋಡಬೇಕು.

ಇನ್ನು ನೌಕರಿ ಉಳಿಯುತ್ತದಾ? 1927ರಲ್ಲಿ ದೀಪಸ್ತಂಭಗಳಿಗಾಗಿಯೇ ಕಾಯ್ದೆ ಬಂತು, ಇಲಾಖೆಯೂ ಆಗಲೇ ಹುಟ್ಟಿತು. ಆಗ ದೇಶದಲ್ಲಿ ಇದ್ದ ದೀಪಗಳು ಕೆಲವೇ. ಈಗ ಸುಮಾರು 200 ಇವೆ. ಜಿಪಿಎಸ್ ಬಂದ ಮೇಲೂ ಹೊಸ ಗೋಪುರ ಕಟ್ಟಿದ್ದಾರೆ. 2021ರಲ್ಲಿ ಹಳೆ ಕಾಯ್ದೆ ತೆಗೆದು ಹೊಸದು ತಂದರು. ಅದರಲ್ಲಿ ದೀಪದ ಜೊತೆಗೆ ರೇಡಿಯೋ, ರೇಡಾರ್, ಹಡಗು ಸಂಚಾರ ನಿಗಾ ಎಲ್ಲವೂ ಸೇರಿವೆ. ಖರ್ಚಿಗೆ ಹಣ ಎಲ್ಲಿಂದ ಅಂತ ಕೇಳುವವರಿಗೆ ಹೇಳಿ: ನಮ್ಮ ಬಂದರಿಗೆ ಬರುವ ಹಡಗುಗಳು ಇದಕ್ಕೆಂದೇ ಶುಲ್ಕ ಕಟ್ಟುತ್ತವೆ. 2008ರ ಮುಂಬೈ ದಾಳಿಯ ನಂತರ ಕರಾವಳಿಯುದ್ದಕ್ಕೂ ಲೈಟ್‌ಹೌಸ್‌ಗಳಲ್ಲಿ ಎಐಎಸ್ ಉಪಕರಣ ಕೂರಿಸಿದರು. ಯಾವ ಹಡಗು ಎಲ್ಲಿದೆ ಅನ್ನುವ ಮಾಹಿತಿ ಅಲ್ಲಿಂದ ಕೋಸ್ಟ್ ಗಾರ್ಡ್‌ಗೆ, ನೌಕಾಪಡೆಗೆ ಹೋಗುತ್ತದೆ. ರಾಕಾನ್ ಅಂತ ಇನ್ನೊಂದು ಉಪಕರಣ ಇದೆ. ಹಡಗಿನ ರೇಡಾರ್ ಅಲೆ ತಾಗಿದಾಗ ತನ್ನ ಗುರುತಿನ ಅಕ್ಷರ ವಾಪಸ್ ಕಳಿಸುತ್ತದೆ. ಮಂಜಿನಲ್ಲಿ ದೀಪ ಕಾಣದಿದ್ದಾಗ ಕೆಲಸಕ್ಕೆ ಬರುವುದು ಅದೇ. ಎಲೆಕ್ಟ್ರಾನಿಕ್ಸ್ ಓದಿದವನಿಗೆ ಹೇಳಿ ಮಾಡಿಸಿದ ಕೆಲಸ.

ಆದರೆ ಮುಚ್ಚುಮರೆ ಬೇಡ ಅಂದಿರಲ್ಲ, ಅದಕ್ಕೆ ಇದನ್ನೂ ಹೇಳುತ್ತೇನೆ. ಬ್ರಿಟನ್ನಿನಲ್ಲಿ 1998ಕ್ಕೇ ಕೊನೆಯ ಲೈಟ್‌ಹೌಸ್‌ನ ಕಾವಲುಗಾರ ಕೆಳಗಿಳಿದ. ದೀಪಗಳೆಲ್ಲ ಉರಿಯುತ್ತಲೇ ಇವೆ, ದೂರದ ಕಚೇರಿಯಿಂದ ನೋಡಿಕೊಳ್ಳುತ್ತಾರೆ. ನಮ್ಮಲ್ಲೂ ಗಾಳಿ ಅದೇ ಕಡೆ ಬೀಸುತ್ತಿದೆ. ಗೋಪುರದ ಬುಡದಲ್ಲಿ ಮನೆ ಮಾಡಿಕೊಂಡು ಒಂದೇ ದೀಪ ಕಾಯುವ ಕೆಲಸ ನಿಮ್ಮ ಮಗ ನಿವೃತ್ತನಾಗುವ ತನಕ ಇರಲಿಕ್ಕಿಲ್ಲ. ನಾಲ್ಕಾರು ದೀಪ ನೋಡಿಕೊಂಡು ಓಡಾಡುವ ಟೆಕ್ನಿಷಿಯನ್, ಇಲ್ಲವೇ ನಿಗಾ ಕೇಂದ್ರದಲ್ಲಿ ಪರದೆ ಮುಂದೆ ಕೂರುವವನು, ಹಾಗೆ ಆಗಬಹುದು. ಕಲಿಯುತ್ತ ಇರುವವನಿಗೆ ಭಯವಿಲ್ಲ. ಸರ್ಕಾರಿ ನೌಕರಿ ಸಿಕ್ಕಿತು, ಇನ್ನು ಪುಸ್ತಕ ಮುಚ್ಚೋಣ ಅನ್ನುವವನಿಗೆ ಕಷ್ಟ.

ಈಗ ನಿಮ್ಮ ಮುಂದಿರುವ ದಾರಿಗಳು.

ಬಿಟ್ಟು ಜೆಸ್ಕಾಂಗೆ ಕಾಯುವುದು ಒಂದು. ನನಗೆ ಇದು ಇಷ್ಟವಿಲ್ಲ. 371(ಜೆ) ನಮಗೆ ಸಿಕ್ಕ ದೊಡ್ಡ ಅನುಕೂಲ, ನಿಜ. ಆದರೆ ಕರೆಯದಿರುವ ಹುದ್ದೆಯಲ್ಲಿ ಮೀಸಲಾತಿ ಏನು ಮಾಡುತ್ತದೆ? ಯಾವಾಗ ಕರೆಯುತ್ತಾರೆ, ಯಾವಾಗ ಪರೀಕ್ಷೆ, ಪಟ್ಟಿ ಯಾವಾಗ, ಕೋರ್ಟಿಗೆ ಹೋಗುತ್ತದಾ, ಒಂದೂ ನಿಮ್ಮ ಕೈಯಲ್ಲಿಲ್ಲ. ಕೈಯಲ್ಲಿರುವ ಆರ್ಡರ್ ಒಮ್ಮೆ ಬಿಟ್ಟರೆ ಹೋಯಿತು.

ಸೇರಿ, ಅಲ್ಲಿಂದಲೇ ಓದುವುದು ಇನ್ನೊಂದು. ಹೆಚ್ಚಿನವರಿಗೆ ನಾನು ಹೇಳುವುದು ಇದನ್ನೇ. ಶಿಫ್ಟ್ ಕೆಲಸದಲ್ಲಿ ಓದಲು ಸಮಯ ಸಿಗುತ್ತದೆ. ಆದರೆ ಕೆಲಸದಲ್ಲಿದ್ದುಕೊಂಡು ಬೇರೆ ಅರ್ಜಿ ಹಾಕುವಾಗ ಇಲಾಖೆಯ ಮೂಲಕವೇ ಹೋಗಬೇಕು, ಎನ್‌ಒಸಿ ತೆಗೆದುಕೊಳ್ಳಬೇಕು. ಹೇಳದೆ ಅರ್ಜಿ ಹಾಕಿ, ಆಯ್ಕೆಯಾದ ಮೇಲೆ ಬಿಡುಗಡೆ ಸಿಗದೆ ಒದ್ದಾಡಿದವರನ್ನು ನೋಡಿದ್ದೇನೆ. ಬಾಂಡ್ ಏನಾದರೂ ಇದೆಯಾ, ಪ್ರೊಬೇಷನ್ ಎಷ್ಟು, ಅದರ ನಡುವೆ ಬಿಟ್ಟರೆ ಏನಾಗುತ್ತದೆ, ಇವೆಲ್ಲ ಆರ್ಡರ್‌ನಲ್ಲೇ ಬರೆದಿರುತ್ತದೆ. ನೀವೂ ಮಗನೂ ಕೂತು ಸಾಲುಸಾಲಾಗಿ ಓದಿ. ಈ ದಾರಿಯಲ್ಲಿ ಒಂದು ಅಪಾಯ ಇದೆ: ಅರ್ಧ ಮನಸ್ಸು ಊರಲ್ಲಿಟ್ಟು ಹೋದವನು ಅಲ್ಲಿ ಕೆಲಸವನ್ನೂ ಕಲಿಯುವುದಿಲ್ಲ, ಇಲ್ಲಿ ಪರೀಕ್ಷೆಯನ್ನೂ ಪಾಸಾಗುವುದಿಲ್ಲ. ಎಷ್ಟು ವರ್ಷ ಪ್ರಯತ್ನ ಮಾಡುತ್ತೇನೆ ಅಂತ ಅವನೇ ಗಡುವು ಹಾಕಿಕೊಳ್ಳಲಿ.

ಪೂರ್ತಿ ಮನಸ್ಸಿನಿಂದ ಇದನ್ನೇ ವೃತ್ತಿ ಮಾಡಿಕೊಳ್ಳುವುದು ಮೂರನೆಯದು. ಹುಡುಗನಿಗೆ ಯಂತ್ರ ಬಿಚ್ಚಿ ಜೋಡಿಸುವ ಹುಚ್ಚು ಇದ್ದರೆ ಮಾತ್ರ. ದೇಶದ ಯಾವ ಕರಾವಳಿಗಾದರೂ ವರ್ಗ ಆಗಬಹುದು. ಗುಜರಾತಿನಿಂದ ಬಂಗಾಳದವರೆಗೆ, ದ್ವೀಪಗಳೂ ಸೇರಿ, 7,500 ಕಿಲೋಮೀಟರಿಗೂ ಹೆಚ್ಚು ಕರಾವಳಿ ಇದೆ. ಆಳಂದಕ್ಕೆ ಯಾವುದೂ ಹತ್ತಿರವಲ್ಲ. ನಿಮಗೂ ನಿಮ್ಮ ಮನೆಯವರಿಗೂ ವಯಸ್ಸಾದಾಗ ರಾತ್ರಿ ಫೋನ್ ಮಾಡಿದರೆ ಬೆಳಗ್ಗೆ ಬಂದು ನಿಲ್ಲಲು ಆಗುವುದಿಲ್ಲ. ಹೊಲ ನೋಡುವವರು ಯಾರು, ಅವ್ವನನ್ನು ದವಾಖಾನೆಗೆ ಕರೆದೊಯ್ಯುವವರು ಯಾರು, ಇನ್ನೊಬ್ಬ ಮಗನೋ ಮಗಳೋ ಹತ್ತಿರ ಇದ್ದಾರಾ? ಮನೆಯಲ್ಲಿ ಈ ಮಾತು ಈಗಲೇ ಆಗಲಿ. ಜಿಪಿಎಸ್‌ಗಿಂತ ಇದು ದೊಡ್ಡ ಪ್ರಶ್ನೆ.

ತೀರ್ಮಾನಕ್ಕೆ ಮೊದಲು ಅಪ್ಪ ಮಗ ಇಬ್ಬರೂ ರಾತ್ರಿ ಬಸ್ ಹತ್ತಿ ಉಡುಪಿಗೆ ಹೋಗಿ ಬನ್ನಿ. ಕಾಪು ಗೋಪುರಕ್ಕೆ ಸಂಜೆ ಹೊತ್ತು ಜನರನ್ನು ಬಿಡುತ್ತಾರೆ. ಸಮಯ ಫೋನ್ ಮಾಡಿ ಕೇಳಿಕೊಂಡೇ ಹೊರಡಿ. ಮಳೆಗಾಲವಾದರೆ ಬುಡದ ಬಂಡೆಗಳ ಹತ್ತಿರ ಹೋಗಬೇಡಿ, ಜಾರುತ್ತದೆ. ಮಗ ಮೇಲೆ ಹತ್ತಿ ಹತ್ತು ನಿಮಿಷ ಹೊರಗೆ ನಿಲ್ಲಲಿ. ಇಳಿದು ಬಂದಾಗ ಅವನ ಮುಖ ನೋಡಿದರೆ ನಿಮಗೇ ಗೊತ್ತಾಗುತ್ತದೆ. ಅಲ್ಲಿನ ಸಿಬ್ಬಂದಿಯನ್ನು ನಾಲ್ಕು ಮಾತಾಡಿಸಿ. ರಜೆ ಹೇಗೆ, ಕ್ವಾರ್ಟರ್ಸ್ ಹೇಗೆ, ಮಕ್ಕಳ ಶಾಲೆ ಎಲ್ಲಿ ಅಂತ. ಇಷ್ಟಕ್ಕೆಲ್ಲ ಸಮಯ ಸಾಲದು ಅನ್ನಿಸಿದರೆ ಸೇರುವ ದಿನ ಮುಂದೂಡಿ ಅಂತ ಕಾರಣ ಸಹಿತ ಅರ್ಜಿ ಬರೆಯಬಹುದು. ಕೊಡುವುದು ಬಿಡುವುದು ಅವರಿಗೆ ಬಿಟ್ಟದ್ದು. ಉತ್ತರ ಕೈಗೆ ಬರುವ ತನಕ ಹಳೆಯ ದಿನಾಂಕವೇ ಲೆಕ್ಕ. ವೈದ್ಯಕೀಯ ಪರೀಕ್ಷೆಯ ಕಾಗದ, ಜಾತಿ ಪ್ರಮಾಣಪತ್ರ, ಅಂಕಪಟ್ಟಿ ಎಲ್ಲ ಒಂದು ಫೈಲಿನಲ್ಲಿ ಈಗಲೇ ಜೋಡಿಸಿಡಿ. ಹೋಗುವಾಗ ಜೋಳದ ಹಿಟ್ಟು, ಶೇಂಗಾ ಹಿಂಡಿ ಕಟ್ಟಿಕೊಡಿ. ಕರಾವಳಿಯ ಹಸಿ ಹವೆಗೆ ಹಿಟ್ಟು ಬೇಗ ಮುಗ್ಗುತ್ತದೆ, ಜಾಸ್ತಿ ಬೇಡ.

ಹೆಣ್ಣು ಕೊಡ್ತಾರಾ ಅಂದಿರಿ. ಕೇಂದ್ರ ಸರ್ಕಾರದ ನೌಕರಿ ಅಂದರೆ ನಮ್ಮ ಕಡೆ ಕೇಳಿಕೊಂಡು ಬರುವವರೇ ಜಾಸ್ತಿ, ಆ ಚಿಂತೆ ಬಿಡಿ. ನೀವು ಮಾಡಬೇಕಾದದ್ದು ಒಂದೇ. ನೋಡಲು ಹೋದಾಗ "ಹುಡುಗ ಮಂಗಳೂರು ಕಡೆ ಇದ್ದಾನೆ" ಅಂತ ತೇಲಿಸಿ ಹೇಳಬೇಡಿ. ಮೂರ್ನಾಲ್ಕು ವರ್ಷಕ್ಕೊಮ್ಮೆ ಸಾಮಾನು ಕಟ್ಟಬೇಕಾಗಬಹುದು, ಒಂದೊಂದು ಸಲ ದ್ವೀಪಕ್ಕೆ ಅವನೊಬ್ಬನೇ ಹೋಗಬೇಕಾಗಬಹುದು ಅಂತ ನಿಶ್ಚಯಕ್ಕೆ ಮೊದಲೇ ಹುಡುಗಿಗೆ ಹೇಳಿ. ಅವಳ ಅಪ್ಪನಿಗೆ ಮಾತ್ರ ಹೇಳಿದರೆ ಸಾಲದು.